ಫಿರಂಗಿ ಎಳೆದ ಗಾಡಿಗಳ ಮರುಬಾಳು

ಸಂಜೆ ವಾರ್ತೆಯ ಹೊತ್ತಿಗೆ ನೀವು ರೇಡಿಯೋದ ಗುಂಡಿಯನ್ನು ತಿರುಗಿಸುತ್ತೀರಿ. ದೀಪ ಹೊತ್ತುತ್ತದೆ, ದನಿ ಬರುತ್ತದೆ. ಆ ವಿದ್ಯುಚ್ಛಕ್ತಿ ಎಲ್ಲಿಂದ ಬಂದಿತೆಂದು ಕೇಳಿದರೆ ‘ಕಂಬದಿಂದ’ ಎಂದು ಮಕ್ಕಳು ಹೇಳುತ್ತಾರೆ. ಕಂಬಕ್ಕೆ ಅದು ಟ್ರಾನ್ಸ್‌ಫಾರ್ಮರಿನಿಂದ ಬರುತ್ತದೆ ಎಂಬುದನ್ನು ದೊಡ್ಡವರು ಬಲ್ಲರು. ನಮ್ಮ ಬೀದಿಯ ಮೂಲೆಯಲ್ಲಿರುವ ಟ್ರಾನ್ಸ್‌ಫಾರ್ಮರು ಸಣ್ಣದು. ಹತ್ತಾರು ಜನ ಸೇರಿ ಲಾರಿಗೆ ಏರಿಸಬಹುದು. ಆದರೆ ವಿದ್ಯುದಾಗಾರದ ಅಂಗಳದಲ್ಲಿ ಕುಳಿತಿರುವ ಅದರ ಹಿರಿಯಣ್ಣನಿದೆಯಲ್ಲ, ಅದರ ತೂಕ ನೂರು ಟನ್ನನ್ನು ಮೀರುವುದುಂಟು. ಅದನ್ನು ಬಿಚ್ಚಿ ತುಂಡು ತುಂಡಾಗಿ ಸಾಗಿಸುವಂತಿಲ್ಲ. ಕಬ್ಬಿಣದ ತಿರುಳು, ತಾಮ್ರದ ಸುರುಳಿ, ಹೊರಗಿನ ತೊಟ್ಟಿ ಎಲ್ಲವೂ ಒಂದೇ ಪಿಂಡ. ಇಂತಹ ವಸ್ತುವಿಗೆ ಇಂಗ್ಲಿಷರ ರಸ್ತೆಯ ಕಾನೂನಿನಲ್ಲಿ ‘ಅಸಾಧಾರಣವೂ ಅವಿಭಾಜ್ಯವೂ ಆದ ಹೊರೆ’ ಎಂಬರ್ಥದ ಹೆಸರಿದೆ. ವೇದಾಂತದಲ್ಲಿ ಬ್ರಹ್ಮವಸ್ತುವಿಗೆ ಹೇಳುವ ವಿಶೇಷಣಗಳನ್ನು ಒಂದು ಯಂತ್ರಕ್ಕೆ ಹೇಳಿದ್ದಾರಲ್ಲ ಎಂದು ನನಗೆ ನಗು ಬಂದದ್ದುಂಟು.

ಈ ಅವಿಭಾಜ್ಯವಾದ ಹೊರೆಯನ್ನು ಕಾರ್ಖಾನೆಯಿಂದ ವಿದ್ಯುದಾಗಾರದವರೆಗೆ ಎಳೆದವರು ಯಾರು? ಎರಡನೆಯ ಮಹಾಯುದ್ಧದ ತರುವಾಯದ ಬ್ರಿಟನ್ನಿನಲ್ಲಿ ಈ ಕೆಲಸದ ದೊಡ್ಡ ಪಾಲು ಬಿದ್ದುದು ಯುದ್ಧದಲ್ಲಿ ಟ್ಯಾಂಕುಗಳನ್ನೂ ಫಿರಂಗಿಗಳನ್ನೂ ಎಳೆದು ಬಂದ ಹಳೆಯ ಲಾರಿಗಳ ಮೇಲೆ. ಅವನ್ನು ಕೊಂಡವರು ಕೊಯ್ದರು, ಬೆಸೆದರು, ಹೊಸ ಎಂಜಿನ್ನು ಕೂಡಿಸಿದರು, ಬಣ್ಣ ಬದಲಿಸಿದರು. ಆದರೆ ಹಿಂದೆ ಕಟ್ಟಿದ ಟ್ರೈಲರನ್ನು ಎಳೆಯುವ ಗುಣವನ್ನು ಮಾತ್ರ ಕೆಡದಂತೆ ಕಾಪಾಡಿಕೊಂಡರು. ಮಾತಿನಲ್ಲಿ ಇದು ಸುಲಭ. ಮಾಡಿ ನೋಡಿದಾಗ ಅಷ್ಟು ಸುಲಭವಾಗಿರಲಿಲ್ಲ.

1945ರಲ್ಲಿ ಯುದ್ಧ ಮುಗಿಯಿತು. ಸೈನ್ಯಕ್ಕಾಗಿ ಕಟ್ಟಿದ್ದ ವಾಹನಗಳು ಸಾವಿರಗಟ್ಟಲೆಯಾಗಿ ಬಯಲುಗಳಲ್ಲಿ ಸಾಲುಗಟ್ಟಿ ನಿಂತವು. ನಮ್ಮ ದೇಶದಲ್ಲಿಯೂ ಆ ಕಾಲದಲ್ಲಿ ‘ಡಿಸ್ಪೋಸಲ್’ ಎಂಬ ಮಾತು ಹಳ್ಳಿಗರ ಬಾಯಿಗೂ ಬಂದಿತು. ಡಿಸ್ಪೋಸಲ್ ಕಂಬಳಿ, ಡಿಸ್ಪೋಸಲ್ ಜೀಪು, ಡಿಸ್ಪೋಸಲ್ ಲಾರಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ಕೇಳಿದವರು ಇನ್ನೂ ಇದ್ದಾರೆ. ಬ್ರಿಟನ್ನಿನಲ್ಲಿ ಸರಕಾರವು ಇವನ್ನು ಹರಾಜು ಹಾಕಿತು. ನಾಟಿಂಗ್‌ಹ್ಯಾಮ್ ಸೀಮೆಯ ರಡ್ಡಿಂಗ್‌ಟನ್ ಎಂಬಲ್ಲಿಯ ಉಗ್ರಾಣದ ಹರಾಜು ದಶಕಗಳ ಕಾಲ ಹೆಸರುವಾಸಿಯಾಗಿದ್ದಿತು. ಕೊಳ್ಳುವವರಿಗೆ ಬೇರೆ ದಾರಿಯೂ ಇರಲಿಲ್ಲ. ಯುದ್ಧದಿಂದ ಸಾಲಗಾರನಾದ ಬ್ರಿಟನ್ನು ತನ್ನ ಕಾರ್ಖಾನೆಗಳ ಹೊಸ ಲಾರಿಗಳನ್ನು ಹೊರದೇಶಗಳಿಗೆ ಮಾರಿ ಹಣ ತರಬೇಕಾಗಿದ್ದಿತು, ಉಕ್ಕಿಗೆ ಅಭಾವ, ಪೆಟ್ರೋಲಿಗೆ 1950ರ ಮೇ ತಿಂಗಳವರೆಗೂ ಪಡಿತರ. ಹೀಗಿರಲು ಕಾಡಿನ ಮರ ಸಾಗಿಸುವವರು, ಜಾತ್ರೆಯ ತಿರುಗುತೊಟ್ಟಿಲಿನವರು, ಬಸ್ ಕಂಪೆನಿಯವರು, ಭಾರಿ ಯಂತ್ರಗಳನ್ನು ಸಾಗಿಸುವವರು ಎಲ್ಲರೂ ಹರಾಜಿನ ಬಯಲಿಗೆ ಬಂದರು.

ಅವರು ಕೊಂಡುದು ಏನನ್ನು? ಹೊದಿಕೆಯನ್ನಲ್ಲ, ಎಳೆತವನ್ನು. ಇಂಗ್ಲಿಷಿನ ‘ಟ್ರ್ಯಾಕ್ಟರ್’ ಎಂಬ ಶಬ್ದ ‘ಎಳೆ’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಉಳುವುದು ಅದಕ್ಕೆ ನಾವು ಕೂಡಿಸಿಕೊಂಡ ಅರ್ಥ. ಸೈನ್ಯದಲ್ಲಿ ಫಿರಂಗಿ ಎಳೆಯುವ ಲಾರಿಯನ್ನೂ ಟ್ರ್ಯಾಕ್ಟರ್ ಎಂದೇ ಕರೆಯುತ್ತಿದ್ದರು.

ಎಳೆತದ ಮರ್ಮ ಎಲ್ಲಿದೆ ಎಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ಇಲ್ಲವಾದರೆ ಮುಂದಿನ ಕಥೆ ತಿಳಿಯದು. ಎಂಜಿನ್ನಿನ ಅಶ್ವಶಕ್ತಿ ಹೆಚ್ಚಾದಷ್ಟೂ ಎಳೆತ ಹೆಚ್ಚು ಎಂದು ನಾವು ಭಾವಿಸುತ್ತೇವೆ. ಅದು ಅರ್ಧ ಸತ್ಯ. ಗೇರುಗಳಿಂದ ಎಂಜಿನ್ನಿನ ವೇಗವನ್ನು ತಗ್ಗಿಸಿದರೆ ಸಾಧಾರಣ ಎಂಜಿನ್ನೂ ಬಲವಾಗಿ ಎಳೆದೀತು. ಅಶ್ವಶಕ್ತಿ ನಿರ್ಧರಿಸುವುದು ಎಷ್ಟು ಬೇಗ ಎಳೆದೀತು ಎಂಬುದನ್ನು. ಎಷ್ಟು ಭಾರ ಎಳೆದೀತು ಎಂಬುದನ್ನು ನಿರ್ಧರಿಸುವುದು ನೆಲದ ಮೇಲೆ ಗಾಲಿಯ ಹಿಡಿತ. ಆ ಹಿಡಿತ ಬರುವುದು, ತಿರುಗುವ ಗಾಲಿಗಳ ಮೇಲೆ ಕುಳಿತಿರುವ ತೂಕದಿಂದ. ಒಂದು ಲೆಕ್ಕ ಹಾಕೋಣ. ತಿರುಗುವ ಗಾಲಿಗಳ ಮೇಲೆ 20 ಟನ್ನು ಭಾರವಿದ್ದು, ರಸ್ತೆ ಒಣಗಿದ್ದರೆ, ಗಾಲಿ ಜಾರುವ ಮೊದಲು ಸುಮಾರು 12 ಟನ್ನಿನ ಎಳೆತ ದೊರೆತೀತು. ಟ್ರೈಲರು, ಹೊರೆ, ಎಳೆಯುವ ಗಾಡಿ ಎಲ್ಲ ಸೇರಿ 200 ಟನ್ನು ಇರಲಿ. ಸಮತಟ್ಟಾದ ರಸ್ತೆಯಲ್ಲಿ ಅದನ್ನು ಉರುಳಿಸಲು 4 ಟನ್ನಿನ ಎಳೆತ ಸಾಕು. ಒಂದೇ ಗಾಡಿ ನಿರಾಯಾಸವಾಗಿ ಎಳೆದುಕೊಂಡು ಹೋದೀತು. 12 ಅಡಿಗೆ 1 ಅಡಿ ಏರುವ ದಿಣ್ಣೆ ಬಂದಿತೆನ್ನಿ. ಆಗ ಬೇಕಾದುದು 20 ಟನ್ನಿಗೂ ಮೇಲೆ. ಒಂದು ಗಾಡಿಯಿಂದ ಆಗದು, ಎರಡು ಬೇಕು. ಮಳೆ ಹನಿದು ರಸ್ತೆ ನೆನೆಯಿತೋ, ಹಿಡಿತ ಕುಗ್ಗಿ ಮೂರನೆಯದನ್ನು ಕರೆತರಬೇಕು. ಎಂಜಿನ್ನು ಎಷ್ಟೇ ಗರ್ಜಿಸಲಿ, ಗಾಲಿ ನಿಂತಲ್ಲೇ ಸುತ್ತಿದರೆ ಆ ಶಕ್ತಿಯಿಂದ ಟೈರು ಸವೆಯುತ್ತದೆಯೇ ಹೊರತು ಹೊರೆ ಕದಲದು.

ಎರಡನೆಯ ಮರ್ಮವು ಎತ್ತಿನ ಗಾಡಿ ಹೊಡೆದವರಿಗೆ ಚೆನ್ನಾಗಿ ಗೊತ್ತು. ಗಾಡಿ ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ನೊಗವು ಎತ್ತಿನ ಕೊರಳನ್ನು ಹಿಡಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಹೊರೆಯನ್ನು ಎಲ್ಲಿ ಇಡುವುದು ಎಂಬುದು ಎಷ್ಟು ಇಡುವುದು ಎಂಬಷ್ಟೇ ಮುಖ್ಯ. ಮೋಟಾರು ಗಾಡಿಯಲ್ಲಿ ಕೊಂಡಿ ಎತ್ತರದಲ್ಲಿದ್ದು ಎಳೆತ ಬಲವಾದರೆ ಮುಂದಿನ ಗಾಲಿಗಳು ನೆಲವನ್ನು ಬಿಟ್ಟು ಏಳಲು ನೋಡುತ್ತವೆ. ಆಗ ಚುಕ್ಕಾಣಿ ಕೈಯಲ್ಲಿದ್ದೂ ಇಲ್ಲದಂತೆಯೇ. ಕೊಂಡಿಯು ಹಿಂದಿನ ಅಚ್ಚಿನಿಂದ ಬಹಳ ದೂರ ಚಾಚಿಕೊಂಡಿದ್ದರೆ ತಿರುವಿನಲ್ಲಿ ಟ್ರೈಲರು ಗಾಡಿಯ ಬೆನ್ನನ್ನೇ ಪಕ್ಕಕ್ಕೆ ತಳ್ಳುತ್ತದೆ. ಸೈನ್ಯದ ಎಂಜಿನಿಯರರು ಇದನ್ನೆಲ್ಲ ಲೆಕ್ಕ ಮಾಡಿಯೇ ಕಟ್ಟಿದ್ದರು. ನಾಗರಿಕನು ಗರಗಸ ಹಿಡಿದು ಅದರ ಒಂದು ಭಾಗವನ್ನು ಕತ್ತರಿಸಿದೊಡನೆ ಆ ಲೆಕ್ಕ ತಪ್ಪಿತು. ಹೊಸ ಲೆಕ್ಕವನ್ನು ಅವನೇ ಹಾಕಬೇಕಾಯಿತು.

ಮೊದಲು ‘ಮೆಟಡೋರ್’ ಎಂಬ ಗಾಡಿಯನ್ನು ತೆಗೆದುಕೊಳ್ಳೋಣ. (ಮುಂದೆ ನಮ್ಮ ದೇಶದ ರಸ್ತೆಗಳಲ್ಲಿ ಓಡಾಡಿದ ಮೆಟಡೋರ್ ವ್ಯಾನಿಗೂ ಇದಕ್ಕೂ ಹೆಸರೊಂದನ್ನುಳಿದು ಬೇರೆ ನಂಟಿಲ್ಲ. ಸ್ಪೇನ್ ದೇಶದ ಭಾಷೆಯಲ್ಲಿ ಆ ಶಬ್ದಕ್ಕೆ ಗೂಳಿಕಾಳಗದಲ್ಲಿ ಗೂಳಿಯನ್ನು ಕೊಲ್ಲುವವನು ಎಂದರ್ಥ.) ಇದನ್ನು ಕಟ್ಟಿದವರು ಲಂಡನ್ನಿನ ಪಶ್ಚಿಮಕ್ಕಿರುವ ಸೌತಾಲಿನ ಎ.ಇ.ಸಿ. ಕಂಪೆನಿಯವರು. ಅವರು ಮೂಲತಃ ಲಂಡನ್ನಿನ ಬಸ್ಸುಗಳನ್ನು ಕಟ್ಟುತ್ತಿದ್ದವರು. ಯುದ್ಧಕಾಲದಲ್ಲಿ 9 ಸಾವಿರಕ್ಕೂ ಹೆಚ್ಚು ಮೆಟಡೋರ್‌ಗಳು ಅಲ್ಲಿಂದ ಹೊರಬಂದವು. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಶಕ್ತಿ; 95 ಅಶ್ವಶಕ್ತಿಯ ಡೀಸೆಲ್ ಎಂಜಿನ್ನು; ಹೊಟ್ಟೆಯ ಕೆಳಗೆ ಉಕ್ಕಿನ ಹಗ್ಗ ಸುತ್ತುವ ವಿಂಚ್ ಎಂಬ ರಾಟೆ; ಹಿಂದೆ ಐದೂವರೆ ಅಂಗುಲದ ಫಿರಂಗಿಯನ್ನೋ ವಿಮಾನ ಹೊಡೆಯುವ ಫಿರಂಗಿಯನ್ನೋ ಕಟ್ಟಿಕೊಂಡು ಅದು ಆಫ್ರಿಕದ ಮರಳನ್ನೂ ಇಟಲಿಯ ಕೆಸರನ್ನೂ ತುಳಿಯಿತು. ಮೇಲಿನ ಮರದ ಪೆಟ್ಟಿಗೆಯಲ್ಲಿ ಫಿರಂಗಿಯ ತಂಡದವರೂ ಗುಂಡುಗಳೂ ಇರುತ್ತಿದ್ದವು.

ಆ ಜನರೂ ಗುಂಡುಗಳೂ ಬರಿಯ ಸರಕಲ್ಲ, ಹಿಂದಿನ ಗಾಲಿಗಳ ಮೇಲೆ ಕೂತ ತೂಕವೂ ಹೌದು. ಯುದ್ಧಾನಂತರ ಮರದ ವ್ಯಾಪಾರಿಯು ಆ ಪೆಟ್ಟಿಗೆಯನ್ನು ಕಿತ್ತು ಎಸೆದನು. ಕಾಡಿನಲ್ಲಿ ಅದರಿಂದ ಅವನಿಗೇನೂ ಪ್ರಯೋಜನವಿಲ್ಲ. ಕಿತ್ತೊಡನೆ ಗಾಡಿಯ ಹಿಂಭಾಗ ಹಗುರವಾಯಿತು. ಒದ್ದೆ ನೆಲದಲ್ಲಿ ಹಿಂದಿನ ಗಾಲಿ ಸುತ್ತತೊಡಗಿತು. ಆದುದರಿಂದ ಕಳೆದ ತೂಕವನ್ನು ಇನ್ನೊಂದು ರೂಪದಲ್ಲಿ ತುಂಬಿಸಬೇಕಾಯಿತು. ದಿಮ್ಮಿ ಎತ್ತುವ ಉಕ್ಕಿನ ತೋಳನ್ನು ಹಿಂದೆ ನಿಲ್ಲಿಸಿದರು. ಅದು ಹಿಂದಿನ ಅಚ್ಚಿನ ಮೇಲೆ ಭಾರ ಹಾಕಿತು, ಸಂತೋಷ. ಆದರೆ ದಿಮ್ಮಿಯನ್ನು ಎತ್ತಿದಾಗ ಗಾಡಿ ಹಿಂಭಾರವಾಗಿ ಮುಂದಿನ ಗಾಲಿಗಳು ಮೇಲೇಳುವ ಅಪಾಯ. ಅದಕ್ಕಾಗಿ ಹಿಂದೆ ನೆಲಕ್ಕೆ ಕಚ್ಚುವ ಉಕ್ಕಿನ ಉಗುರುಗಳನ್ನು ಕೂಡಿಸಿದರು. ಹಗ್ಗ ಬಿಗಿದು ದಿಮ್ಮಿಯನ್ನು ಕಣಿವೆಯಿಂದ ಮೇಲಕ್ಕೆ ಸೆಳೆಯುವಾಗ ಗಾಡಿಯೇ ಹಿಂದಕ್ಕೆ ಜಾರಿ ಹೋಗದಂತೆ ಅವು ನೆಲವನ್ನು ಅವುಚಿ ಹಿಡಿಯುತ್ತಿದ್ದವು. ಹಿಂದಕ್ಕೆ ಚಾಚಿದ ಚಾಸಿಸ್ಸನ್ನು ಕೆಲವರು ಮೊಟಕು ಮಾಡಿದರು. ಅಲ್ಲಿ ಜಾಣನೂ ದಡ್ಡನೂ ಬೇರೆಯಾದರು. ಕೊಂಡಿ ಕೂತಿರುವ ಅಡ್ಡತೊಲೆಯೇ ಎರಡು ಉದ್ದ ತೊಲೆಗಳನ್ನು ಕಟ್ಟಿ ಹಿಡಿದು ಎಳೆತವನ್ನು ಸಮನಾಗಿ ಹಂಚುವುದು. ಜಾಣನು ತೊಲೆಗಳನ್ನು ಕೊಯ್ದ ಮೇಲೆ ಆ ಅಡ್ಡತೊಲೆಯನ್ನೂ ಅದರ ಆನಿಕೆಗಳನ್ನೂ ಮುಂದಕ್ಕೆ ತಂದು ಮತ್ತೆ ಭದ್ರವಾಗಿ ಕೂಡಿಸುತ್ತಿದ್ದನು. ಹಾಗೆ ಮಾಡಿದವನಿಗೆ ಒಂದು ಲಾಭವೂ ಇದ್ದಿತು: ಕೊಂಡಿಯು ಅಚ್ಚಿಗೆ ಹತ್ತಿರವಾಗಿ, ತಿರುವಿನಲ್ಲಿ ಟ್ರೈಲರು ಹೇಳಿದ ಮಾತು ಕೇಳುತ್ತಿದ್ದಿತು. ದಡ್ಡನು ಉಳಿದ ತುದಿಗೆ ಒಂದು ಕಬ್ಬಿಣದ ಪಟ್ಟಿ ಬೆಸೆದು ಅದಕ್ಕೆ ಕೊಂಡಿ ತೂಗಹಾಕುತ್ತಿದ್ದನು. ಅಂತಹ ಬೆಸುಗೆ ಬಿಟ್ಟುಕೊಳ್ಳುವುದು ಸಾಮಾನ್ಯವಾಗಿ ಏರಿನ ನಡುವೆಯೇ, ಹಿಂದೆ ಹೊರೆ ಇದ್ದಾಗಲೇ. ಬರಿಗಾಡಿಗೆ ಆ ಪರೀಕ್ಷೆ ಬರುವುದೇ ಇಲ್ಲವಷ್ಟೆ. ಬಂಡಿಯ ಗಾಲಿ ಕಳಚದಂತೆ ತಡೆಯುವ ಸಣ್ಣ ಮೊಳೆಗೆ ನಮ್ಮ ಹಿರಿಯರು ‘ಕಡೆಗೀಲು’ ಎಂದು ಹೆಸರಿಟ್ಟು ಎಷ್ಟು ಗೌರವ ಕೊಟ್ಟರೆಂಬುದನ್ನು ನೆನೆದರೆ, ಈ ಅಡ್ಡತೊಲೆಗೂ ಅಂತಹ ಒಂದು ಹೆಸರು ಬೇಕಾಗಿತ್ತೆನಿಸುತ್ತದೆ.

ಬಸ್ ಕಂಪೆನಿಗಳು ಮೆಟಡೋರನ್ನು ಕೊಂಡುದು ಕೆಟ್ಟು ನಿಂತ ಬಸ್ಸುಗಳನ್ನು ಎಳೆದು ತರುವುದಕ್ಕೆ. ಬಸ್ಸಿನವರು ಕಟ್ಟಿದ ಗಾಡಿ ಬಸ್ಸಿನ ಮನೆಗೇ ಮರಳಿದುದರಿಂದ ಇದು ತವರಿಗೆ ಬಂದ ಮಗಳಂತೆ. ಅದರ ಎಂಜಿನ್ನು ಲಂಡನ್ನಿನ ಬಸ್ಸುಗಳ ಎಂಜಿನ್ನಿನ ಒಡಹುಟ್ಟು. ಬಿಡಿಭಾಗಗಳು ಗ್ಯಾರೇಜಿನಲ್ಲೇ ಇದ್ದವು, ಕೈಪಳಗಿದ ಕೆಲಸಗಾರರೂ ಅಲ್ಲಿಯೇ. ಅನೇಕ ಗ್ಯಾರೇಜುಗಳು ಬಸ್ಸಿನ ಕವಚ ಕಟ್ಟುವ ಚಾತುರ್ಯವನ್ನೆಲ್ಲ ಸುರಿದು ಇವಕ್ಕೆ ಅಂದವಾದ ಮೈಕಟ್ಟಿದವು. ಬಸ್ಸಿನ ಮೂತಿಯನ್ನು ಎತ್ತಿ ಹಿಡಿದು ಎಳೆಯುವಾಗ ಮತ್ತೆ ಅದೇ ಹಿಂಭಾರದ ಕಾಟ. ಅದನ್ನು ಸರಿದೂಗಿಸಲು ಮುಂದಿನ ಬಂಪರಿನ ಬಳಿ ಎರಕದ ಕಬ್ಬಿಣದ ಗಟ್ಟಿಗಳನ್ನು ಕೂಡಿಸಬೇಕಾಗುತ್ತಿದ್ದಿತು.

ಜಾತ್ರೆಯವರ ಮಾತು ಬೇರೆ. ಬ್ರಿಟನ್ನಿನ ಜಾತ್ರೆಗಳಲ್ಲಿ ತಿರುಗುತೊಟ್ಟಿಲು, ಕುದುರೆ ಸುತ್ತು, ದೀಪಾಲಂಕಾರ ಇವನ್ನೆಲ್ಲ ಊರಿಂದೂರಿಗೆ ಒಯ್ಯುವ ಕುಟುಂಬಗಳಿವೆ. ಯುದ್ಧಕ್ಕೆ ಮೊದಲು ಅವರ ಟ್ರೈಲರುಗಳ ಸಾಲನ್ನು ಹಿತ್ತಾಳೆಯ ಪಟ್ಟಿಗಳಿಂದ ಹೊಳೆಯುವ ಉಗಿಯಂತ್ರಗಳು ಎಳೆಯುತ್ತಿದ್ದವು. ಮುಂಭಾಗದಲ್ಲಿ ಕೂಡಿಸಿದ ಡೈನಮೋದಿಂದ ಆ ಯಂತ್ರವೇ ರಾತ್ರಿ ದೀಪಗಳನ್ನೂ ಬೆಳಗಿಸುತ್ತಿದ್ದಿತು. ಯುದ್ಧಾನಂತರ ವಾಟ್‌ಫರ್ಡಿನ ಸ್ಕ್ಯಾಮೆಲ್ ಕಂಪೆನಿಯವರು ಇವರಿಗೆಂದೇ ಡೀಸೆಲ್ ಎಂಜಿನ್ನಿನ ಒಂದು ಹೊಸ ಎಳೆಗಾಡಿಯನ್ನು ಕಟ್ಟಿದರು. ಆದರೆ ಕಟ್ಟಿದುದು 18 ಮಾತ್ರ, ಬೆಲೆ ಎಲ್ಲರಿಗೂ ಎಟಕುವಂಥದ್ದಲ್ಲ. ಉಳಿದವರು ಹರಾಜಿನ ಸೈನ್ಯದ ಗಾಡಿಗಳ ಮೊರೆಹೊಕ್ಕರು. ಅವರು ಮಾಡಿದ ಮಾರ್ಪಾಟು ನನಗೆ ಬಹಳ ಮೆಚ್ಚಿಗೆಯಾದದ್ದು. ಸೈನ್ಯದ ಪೆಟ್ಟಿಗೆ ಇದ್ದ ಜಾಗದಲ್ಲಿ, ಕ್ಯಾಬಿನ್ನಿನ ಬೆನ್ನಿಗೆ, ಭಾರವಾದ ಡೈನಮೋವನ್ನು ಕೂಡಿಸಿದರು; ಹಗಲಿನಲ್ಲಿ ಅದು ಗಾಲಿಗೆ ಹಿಡಿತ ಕೊಡುವ ತೂಕ, ರಾತ್ರಿಯಲ್ಲಿ ಜಾತ್ರೆಗೆ ಬೆಳಕು. ಅದರ ಹಿಂದಿನ ತೊಟ್ಟಿಯಲ್ಲಿ ಸಾಮಾನು. ಒಂದೇ ವಸ್ತು ಎರಡು ಕೆಲಸ ಮಾಡಿದರೆ ಅದನ್ನು ಕವಿಗಳು ಶ್ಲೇಷೆ ಎನ್ನುತ್ತಾರೆ. ಜಾತ್ರೆಯವರು ಅಲಂಕಾರಶಾಸ್ತ್ರವನ್ನು ಓದದೆಯೇ ಅದನ್ನು ಸಾಧಿಸಿದರು.

ಇನ್ನು ದೊಡ್ಡ ಗಾಡಿಗಳಿಗೆ ಬರೋಣ. ಯುದ್ಧದ ಮೊದಲ ವರ್ಷಗಳಲ್ಲಿ ಟ್ಯಾಂಕುಗಳನ್ನು ಸಾಗಿಸಲು ಬ್ರಿಟನ್ನಿಗೆ ಗಾಡಿ ಸಾಲದೆ, ಅದು ಅಮೆರಿಕದ ಷಿಕಾಗೋ ನಗರದ ಡೈಮಂಡ್ ಟಿ ಕಂಪೆನಿಯನ್ನು ಕೇಳಿ ಒಂದು ಎಳೆಗಾಡಿಯನ್ನು ಕಟ್ಟಿಸಿಕೊಂಡಿತು. ಹತ್ತು ಗಾಲಿ, ಸುಮಾರು 14.7 ಲೀಟರಿನ ಹರ್ಕ್ಯುಲಿಸ್ ಡೀಸೆಲ್ ಎಂಜಿನ್ನು, ಹಿಂದೆ 40 ಟನ್ನು ಹೊರುವ 24 ಗಾಲಿಗಳ ಟ್ರೈಲರು; ವೇಗ ಗಂಟೆಗೆ 23 ಮೈಲಿ. ಈ ಗಾಡಿಯ ಬೆನ್ನಿನ ಮೇಲೆ ಹುಟ್ಟಿದಂದಿನಿಂದಲೇ ತೂಕ ತುಂಬುವ ಒಂದು ತೊಟ್ಟಿ ಇದ್ದಿತು. ಇದಕ್ಕೆ ‘ಬ್ಯಾಲಸ್ಟ್ ಬಾಕ್ಸ್’ ಎನ್ನುತ್ತಾರೆ. ಬರಿಗೈಯ ಹಡಗು ಓಲಾಡದಂತೆ ಅದರ ತಳದಲ್ಲಿ ಕಲ್ಲು ತುಂಬುತ್ತಿದ್ದರಲ್ಲ, ಅದಕ್ಕೂ ಇದೇ ಹೆಸರು. ಆದುದರಿಂದ ಡೈಮಂಡ್ ಟಿಯನ್ನು ಕೊಂಡ ಪಿಕ್‌ಫರ್ಡ್ಸ್ ಮೊದಲಾದ ಸಾಗಣೆದಾರರಿಗೆ ಎಳೆತದ ವಿಷಯದಲ್ಲಿ ತಲೆನೋವು ಕಡಮೆ. ಅವರಿಗೆ ತಲೆನೋವು ತಂದುದು ಎಂಜಿನ್ನು. ಅಮೆರಿಕದ ಬಿಡಿಭಾಗಗಳು ದುರ್ಲಭವಾದಂತೆ ಬೇರೆ ಎಂಜಿನ್ನುಗಳನ್ನು ಕೂಡಿಸಿದರು. ಬ್ರಿಟಿಷ್ ಸೈನ್ಯವೇ 1950ರ ದಶಕದಲ್ಲಿ ತನ್ನಲ್ಲಿ ಉಳಿದ ಕೆಲವಕ್ಕೆ ರೋಲ್ಸ್ ರಾಯ್ಸ್ ಡೀಸೆಲ್ ಎಂಜಿನ್ನನ್ನು ಹಾಕಿಸಿತು.

ಎಂಜಿನ್ನು ಬದಲಿಸುವುದೆಂದರೆ ಹಳೆಯದನ್ನು ಎತ್ತಿ ಹೊಸದನ್ನು ಇಳಿಸುವುದು ಎಂದು ತಿಳಿಯಬಾರದು. ಭಾರದ ಟ್ರೈಲರಿಗೆ ತನ್ನದೇ ಬ್ರೇಕುಗಳಿರುತ್ತವೆ. ಅವು ಕೆಲಸ ಮಾಡುವುದು ಮುಂದಿನ ಗಾಡಿಯಿಂದ ರಬ್ಬರು ಕೊಳವೆಗಳ ಮೂಲಕ ಬರುವ ಒತ್ತಿದ ಗಾಳಿಯಿಂದ. ಆ ಗಾಳಿಯನ್ನು ಒತ್ತುವ ಕಂಪ್ರೆಸರನ್ನು ಎಂಜಿನ್ನೇ ತಿರುಗಿಸುತ್ತದೆ. ಹೊಸ ಎಂಜಿನ್ನಿಗೆ ಸಾಲುವಷ್ಟು ದೊಡ್ಡ ಕಂಪ್ರೆಸರನ್ನು ಕೂಡಿಸದಿದ್ದರೆ ಗಾಡಿ ಚೆನ್ನಾಗಿಯೇ ಎಳೆದೀತು. ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕು ಒತ್ತಿದಂತೆ ತೊಟ್ಟಿಯ ಗಾಳಿ ಬರಿದಾಗಿ, ಹಿಂದಿನ ಹೊರೆ ಮುಂದಿನ ಗಾಡಿಯನ್ನೇ ಅಟ್ಟಿಕೊಂಡು ಹೋದೀತು. ಎಳೆಯುವ ಶಕ್ತಿ ಎಂಬ ಮಾತಿನಲ್ಲಿ ತಡೆಯುವ ಶಕ್ತಿಯೂ ಸೇರಿದೆ ಎಂಬುದನ್ನು ಏರಿನಲ್ಲಿ ಮರೆತವರು ಇಳಿತದಲ್ಲಿ ಕಲಿಯಬೇಕಾಗುತ್ತದೆ.

ಈ ಕುಲದ ಭೀಮಸೇನನೆಂದರೆ ಪೆಸಿಫಿಕ್. ಅಮೆರಿಕದ ವಾಷಿಂಗ್‌ಟನ್ ಸಂಸ್ಥಾನದ ಪೆಸಿಫಿಕ್ ಕಾರ್ ಅಂಡ್ ಫೌಂಡ್ರಿ ಕಂಪೆನಿ ಇದನ್ನು 1943ರಿಂದ ಕಟ್ಟಿತು; ಸೈನ್ಯದ ಲೆಕ್ಕದಲ್ಲಿ ಇದರ ಹೆಸರು ಎಂ 26. ಯುದ್ಧಭೂಮಿಯ ನಡುವಿನಿಂದ ಕೆಟ್ಟ ಟ್ಯಾಂಕನ್ನು ಎಳೆದು ತರುವ ಕೆಲಸವಾದುದರಿಂದ ಕ್ಯಾಬಿನ್ನಿಗೆ ಗುಂಡು ತಡೆಯುವ ಉಕ್ಕಿನ ಕವಚ. ಎದುರುಗಡೆ ಅದರ ದಪ್ಪ ಮುಕ್ಕಾಲು ಅಂಗುಲ. ಸುಮಾರು 18 ಲೀಟರಿನ, 240 ಅಶ್ವಶಕ್ತಿಯ ಪೆಟ್ರೋಲು ಎಂಜಿನ್ನು. ಹಿಂದಿನ ಗಾಲಿಗಳಿಗೆ ಬೈಸಿಕಲ್ಲಿನಂತೆ ಸರಪಣಿ, ಆದರೆ ಸರಪಣಿಯ ಒಂದೊಂದು ಕೊಂಡಿಯೂ ಭಾರಿಯಾದುದು. ಟ್ರೈಲರಿಲ್ಲದೆಯೇ ಗಾಡಿಯ ತೂಕ 20 ಟನ್ನನ್ನು ಮೀರುತ್ತಿದ್ದಿತು. ಪೆಟ್ರೋಲನ್ನು ಅದು ಕುಡಿಯುತ್ತಿದ್ದ ರೀತಿಯನ್ನು ಸೈನ್ಯವೊಂದೇ ಸಹಿಸಬಲ್ಲದು. ಪಡಿತರ ಚೀಟಿಯ ವ್ಯಾಪಾರಿ ಸಹಿಸಲಾರನು.

ದಕ್ಷಿಣ ವೇಲ್ಸಿನ ನ್ಯೂಪೋರ್ಟಿನಲ್ಲಿ ರಾಬರ್ಟ್ ವಿನ್ ಅಂಡ್ ಸನ್ಸ್ ಎಂಬ ಸಾಗಣೆಯ ಮನೆತನವಿದ್ದಿತು. 1863ರಲ್ಲಿ ಕುದುರೆ ಗಾಡಿಗಳಿಂದ ಆರಂಭವಾದ ಕಸುಬು ಅದು. 1950ರ ಸುಮಾರಿನಲ್ಲಿ ಅವರು ಆರು ಪೆಸಿಫಿಕ್ ಗಾಡಿಗಳನ್ನು ಕೊಂಡರು. ಪಿಕ್‌ಫರ್ಡ್ಸ್ ಆಗ ಸರಕಾರದ ಸ್ವತ್ತಾಗಿದ್ದಿತು. ಅದಕ್ಕೆ ಎದುರಾಗಿ ಒಂದು ಮನೆತನವು ಬಾಳಬೇಕಾದರೆ ಇತರರು ಎತ್ತಲಾರದ ಹೊರೆಯನ್ನು ಎತ್ತಬೇಕಾಗಿದ್ದಿತು. ವಿನ್ ಅವರು ತಮ್ಮ ಕಾರ್ಖಾನೆಯಲ್ಲಿಯೇ ಒಂದೊಂದನ್ನಾಗಿ ಬಿಚ್ಚಿ ಕಟ್ಟಿದರು. ಕವಚದ ಕ್ಯಾಬಿನ್ನನ್ನು ಕಳಚಿ ಕಿಟಕಿಗಳುಳ್ಳ ವಿಶಾಲವಾದ ಕ್ಯಾಬಿನ್ನು ಕಟ್ಟಿದರು. ಪೆಟ್ರೋಲು ಎಂಜಿನ್ನನ್ನು ತೆಗೆದು ಡೀಸೆಲ್ ಕೂಡಿಸಿದರು. ಮೊದಲು ಹರ್ಕ್ಯುಲಿಸ್, ಮುಂದೆ ಕಮಿನ್ಸ್. ಡ್ರೆಡ್‌ನಾಟ್, ಕಾಂಕರರ್, ಹೆಲ್ಪ್‌ಮೇಟ್ ಎಂದು ಆನೆಗಳಿಗೆ ಇಡುವಂತೆ ಹೆಸರುಗಳನ್ನಿಟ್ಟರು.

ಆದರೆ ಮುಖ್ಯವಾದ ಮಾರ್ಪಾಟು ನಡೆದುದು ಬೆನ್ನಿನ ಮೇಲೆ. ಸೈನ್ಯದ ಪೆಸಿಫಿಕ್ಕಿಗೆ ಟ್ರೈಲರನ್ನು ಹಿಂದೆ ಕಟ್ಟುತ್ತಿರಲಿಲ್ಲ. ಟ್ರೈಲರಿನ ಕೊರಳೇ ಗಾಡಿಯ ಬೆನ್ನಿನ ಮೇಲೆ ಒರಗುತ್ತಿದ್ದಿತು. ಬೆನ್ನಿನ ಮೇಲೆ ತಿರುಗುವ ಒಂದು ದಪ್ಪ ತಟ್ಟೆ, ಅದರ ಮೇಲೆ ಟ್ರೈಲರಿನ ಮುಂಭಾಗ. ಮೋಟಾರು ಕಸುಬಿನವರು ಈ ತಟ್ಟೆಯನ್ನು ‘ಐದನೆಯ ಗಾಲಿ’ ಎನ್ನುತ್ತಾರೆ. ಇಲ್ಲಿ ಹೊರೆಯ ಒಂದು ಪಾಲು ತಾನಾಗಿಯೇ ಎಳೆಯುವ ಗಾಲಿಗಳ ಮೇಲೆ ಬಿದ್ದು ಹಿಡಿತ ಕೊಡುತ್ತದೆ. ಆದರೆ ನೂರಾರು ಟನ್ನಿನ ಟ್ರಾನ್ಸ್‌ಫಾರ್ಮರಿಗೆ ಈ ಏರ್ಪಾಟು ಒಗ್ಗದು. ಅದಕ್ಕೆ ಹತ್ತಾರು ಗಾಲಿಗಳ ಸ್ವತಂತ್ರ ಟ್ರೈಲರು ಬೇಕು, ಅದು ಮೂಕಿಯಂತಹ ಉದ್ದ ಕಂಬಿಯಿಂದ ಮುಂದಿನ ಗಾಡಿಗೆ ಕಟ್ಟಿಕೊಳ್ಳಬೇಕು. ಮೂಕಿಯ ಮೂಲಕ ಎಳೆತ ಹೋಗುತ್ತದೆಯೇ ವಿನಾ ತೂಕ ಬರುವುದಿಲ್ಲ. ಹೀಗಾಗಿ ಐದನೆಯ ಗಾಲಿಯ ಜಾಗದಲ್ಲಿ ತೂಕದ ತೊಟ್ಟಿಯನ್ನು ಕಟ್ಟಿ, ಹಿಂದೆಯೂ ಮುಂದೆಯೂ ಬಲವಾದ ಕೊಂಡಿಗಳನ್ನು ಕೂಡಿಸಿದರು. ಮುಂದಿನ ಕ್ಯಾಬಿನ್ನಿನಿಂದ ಟನ್ನುಗಟ್ಟಲೆ ಕವಚವನ್ನು ಇಳಿಸಿದರು, ಹಿಂದಿನ ತೊಟ್ಟಿಗೆ ಟನ್ನುಗಟ್ಟಲೆ ತೂಕವನ್ನು ಏರಿಸಿದರು. ಪ್ರಾಣ ಕಾಯುವುದಕ್ಕೆಂದು ಹೊತ್ತ ಭಾರ ಹೋಗಿ ಹೊರೆ ಎಳೆಯುವುದಕ್ಕೆಂದು ಹೊರುವ ಭಾರ ಬಂದಿತು.

ಮುಂದೆಯೂ ಕೊಂಡಿ ಏಕೆಂದು ನೀವು ಕೇಳಬಹುದು. ಹಿಂದೆ ಹೇಳಿದ ದಿಣ್ಣೆಯ ಲೆಕ್ಕವನ್ನು ನೆನೆಯಿರಿ. ಏರಿನಲ್ಲಿ ಎರಡು ಗಾಡಿಗಳನ್ನು ಒಂದರ ಹಿಂದೊಂದು ಕಟ್ಟಿ ಎಳೆಸುತ್ತಿದ್ದರು. ಕೆಲವೊಮ್ಮೆ ಟ್ರೈಲರಿನ ಹಿಂದೆ ಮತ್ತೊಂದು ಗಾಡಿ ನಿಂತು, ಬಾಗದ ಕಂಬಿಯಿಂದ ನೂಕುತ್ತಿದ್ದಿತು. ಇಳಿತ ಬಂದಾಗ ಹಿಂದೆ ನೂಕಿದವನೇ ತಡೆದು ಹಿಡಿಯುವವನಾಗುತ್ತಿದ್ದನು. ಕಡಿದಾದ ಏರಿನಲ್ಲಿ ಇಷ್ಟು ದೊಡ್ಡ ಎಂಜಿನ್ನುಗಳ ಬಲವೂ ಹೊರೆಯನ್ನು ಮನುಷ್ಯನು ನಡೆಯುವ ವೇಗದಲ್ಲಿ ಸಾಗಿಸುವುದಕ್ಕಷ್ಟೇ ಸಾಲುತ್ತಿದ್ದಿತು. ಹಳ್ಳಿಯ ಬೀದಿಗಳಲ್ಲಿ ಮಕ್ಕಳು ಪಕ್ಕದಲ್ಲಿ ನಡೆದುಕೊಂಡೇ ಬರಬಹುದಾದ ಒಂದು ರಥೋತ್ಸವ ಅದು. ನಮ್ಮ ತೇರನ್ನು ಎಳೆಯುವಾಗ ಗಾಲಿಗೆ ಮರದ ಗೊದಮೊಟ್ಟೆ ಕೊಡುವವರಿಲ್ಲವೇ, ಅಲ್ಲಿಯೂ ಟ್ರೈಲರಿನ ಪಕ್ಕದಲ್ಲಿ ಆಳುಗಳು ಇರುತ್ತಿದ್ದರು.

1953ರಲ್ಲಿ ಬ್ರಿಟನ್ನು 2 ಲಕ್ಷ 75 ಸಾವಿರ ವೋಲ್ಟಿನ ದೊಡ್ಡ ವಿದ್ಯುತ್ ಜಾಲವನ್ನು ಆರಂಭಿಸಿತು. 1965ರಿಂದ 4 ಲಕ್ಷ ವೋಲ್ಟಿನ ತಂತಿಗಳು ಬಂದವು. ವೋಲ್ಟು ಏರಿದಂತೆ ಟ್ರಾನ್ಸ್‌ಫಾರ್ಮರೂ ಬೆಳೆಯಿತು. ಗಾಡಿ ಎಳೆದೀತು, ಸೇತುವೆ ತಾಳೀತೇ ಎಂಬುದೇ ಕೊನೆಗೆ ಪ್ರಶ್ನೆಯಾಯಿತು. ಒಂದೊಂದು ಸೇತುವೆಯನ್ನೂ ಬಲಪಡಿಸುವುದಕ್ಕಿಂತ ಹೊರೆಯನ್ನೇ ಹಗುರವಾಗಿ ನಡೆಸೋಣವೆಂದು ಯೋಚಿಸಿ, 1967ರಲ್ಲಿ ವೇಲ್ಸಿನ ರೆಕ್ಸಮ್ಮಿನ ಬಳಿ ಟ್ರೈಲರಿನ ಹೊಟ್ಟೆಯ ಕೆಳಗೆ ಒತ್ತಿದ ಗಾಳಿಯ ಮೆತ್ತೆಯನ್ನು ಕಟ್ಟಿ, ಟ್ರಾನ್ಸ್‌ಫಾರ್ಮರಿನ ಭಾರದ ಒಂದು ಪಾಲನ್ನು ಗಾಲಿಗಳಿಂದ ಸೇತುವೆಯ ಅಗಲಕ್ಕೆಲ್ಲ ಹಂಚಿ ದಾಟಿಸಿದರು. ಗಾಳಿಯ ಮೇಲೆ ತೇಲಿದರೂ ಮುಂದೆ ಎಳೆಯುವವನು ಬೇಕೇ ಬೇಕಾಗಿದ್ದಿತು.

ಈ ಗಾಡಿಗಳು ಒಂದೊಂದಾಗಿ ರಸ್ತೆಯಿಂದ ಸರಿದು ಎಷ್ಟೋ ವರ್ಷಗಳಾದುವು. ಇಂದು ಬ್ರಿಟನ್ನಿನಲ್ಲಿ ಅವನ್ನು ಹುಡುಕಿ ತಂದು, ತುಕ್ಕು ಕೆರೆದು, ಮತ್ತೆ ಓಡಿಸುವ ಆಸಕ್ತರಿದ್ದಾರೆ. ಅವರೊಳಗೆ ಒಂದು ತಕರಾರು ಇದೆ. ಕನ್ನಡ ಪಂಡಿತನಾದ ನನ್ನನ್ನು ಈ ವಿಷಯಕ್ಕೆ ಎಳೆದುದೂ ಆ ತಕರಾರೇ. ಕಾಡಿನಂಚಿನಲ್ಲಿ ಬಿದ್ದಿದ್ದ ಮೆಟಡೋರ್ ಒಂದು ದೊರೆಯಿತೆನ್ನಿ. ಅದರ ಬೆನ್ನಿನ ಮೇಲೆ ದಿಮ್ಮಿಯ ತೋಳಿದೆ, ಹಿಂದೆ ಮೊಟಕಾದ ಚಾಸಿಸ್ ಇದೆ. ಇದನ್ನು ಯಾವ ರೂಪಕ್ಕೆ ತರಬೇಕು? ಒಬ್ಬರು ಹೇಳುತ್ತಾರೆ: ಅದು ಹುಟ್ಟಿದುದು ಫಿರಂಗಿ ಎಳೆಯಲು, ತೋಳನ್ನು ಕಿತ್ತು, ಚಾಸಿಸ್ಸನ್ನು ಉದ್ದ ಮಾಡಿ, ಮರದ ಪೆಟ್ಟಿಗೆ ಕಟ್ಟಿ, ಸೈನ್ಯದ ಹಸುರು ಬಳಿಯಿರಿ. ಇನ್ನೊಬ್ಬರು ಹೇಳುತ್ತಾರೆ: ಸೈನ್ಯದಲ್ಲಿ ಅದು ಇದ್ದುದು ಐದಾರು ವರ್ಷ, ಕಾಡಿನಲ್ಲಿ ದುಡಿದುದು ಇಪ್ಪತ್ತು ಮೂವತ್ತು ವರ್ಷ, ಇದ್ದಂತೆಯೇ ಇರಲಿ.

ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸುವವರಿಗೆ ಇದು ಹೊಸ ಪ್ರಶ್ನೆಯಲ್ಲ. ಮೂಲಕವಿಯ ಪಾಠವನ್ನು ಹುಡುಕಿ, ಲಿಪಿಕಾರರು ಸೇರಿಸಿದುದನ್ನು ಪ್ರಕ್ಷಿಪ್ತವೆಂದು ಕಳೆಯಬೇಕೆಂದು ನಮ್ಮ ಗುರುಗಳು ಕಲಿಸಿದರು. ಕಾವ್ಯದಲ್ಲಿ ನಾನು ಈಗಲೂ ಆ ಪಕ್ಷದವನೇ. ಲಿಪಿಕಾರನ ಪದ್ಯ ಕವಿಯ ಪದ್ಯವಲ್ಲ. ಆದರೆ ಗಾಡಿಯ ವಿಷಯದಲ್ಲಿ ನನ್ನ ಒಲವು ಎರಡನೆಯವರ ಕಡೆಗೆ. ಲಿಪಿಕಾರನಿಗೆ ಕವಿಯ ಛಂದಸ್ಸು ಕೆಟ್ಟರೂ ನಡೆಯುತ್ತಿದ್ದಿತು. ಮರದ ವ್ಯಾಪಾರಿಗೆ ಹಾಗಲ್ಲ. ಎಂಜಿನಿಯರನ ಲೆಕ್ಕವನ್ನು ಅವನು ಅರ್ಥಮಾಡಿಕೊಳ್ಳದೆ ಹೋಗಿದ್ದರೆ ಗಾಡಿ ಮೊದಲ ಕಣಿವೆಯಲ್ಲೇ ಉರುಳಿ, ಅವನೂ ಅದರೊಡನೆ ಹೋಗುತ್ತಿದ್ದನು. ಮೂವತ್ತು ವರ್ಷ ಅದು ಎಳೆಯಿತೆಂದರೆ ಅವನು ಮೂಲವನ್ನು ಓದಿಯೇ ತಿದ್ದಿದ್ದಾನೆ. ಅವನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಆ ಕೆಲಸದ ದಾಖಲೆಯೆಂದು ಉಳಿದಿರುವುದು ಮುಂದಕ್ಕೆ ಸರಿಸಿ ಕೂಡಿಸಿದ ಆ ಅಡ್ಡತೊಲೆ, ಅದರ ರಿವೆಟ್ಟುಗಳ ಸಾಲು, ಅದರ ನಡುವಿನ ಕೊಂಡಿ.

ಹಸುರು ಬಣ್ಣದವರು ಗಾಡಿಯನ್ನು ಎತ್ತಿ ನಿಲ್ಲಿಸಿ ಚಾಸಿಸ್ಸನ್ನು ಉದ್ದ ಮಾಡುವಾಗ ಮೊದಲು ಕತ್ತರಿಸುವುದು ಆ ಅಡ್ಡತೊಲೆಯನ್ನೇ.